ಸೇತುವೆಯ ಮೇಲೆ ನಿಂತ ಗಾಡಿ: ಒಂಬತ್ತನೆಯ ಕಂತು

"ಬಂತಾ?"

"ಇಲ್ಲ."

"ಈಗ?"

"ಇಲ್ಲ ಮಾವ. ಸ್ವಲ್ಪ ಜೋರಾಗಿ ಊದಿ."

"ನಾನೇನು ಕಮ್ಮಾರನ ತಿದಿಯಾ? ನಂಗೂ ನಿಮ್ಮಪ್ಪಂಗೂ ಒಂದೇ ವಯಸ್ಸು, ನೆನಪಿರಲಿ."

ಗಾಡಿಯ ಮೂತಿಯ ಬಳಿ ಮೆಕ್ಯಾನಿಕ್ ಮಾವ ಮಂಡಿಯೂರಿ, ಪೆಟ್ರೋಲ್ ಪೈಪಿನ ತುದಿಯನ್ನು ಬಾಯಿಗಿಟ್ಟುಕೊಂಡು ಮತ್ತೆ ಕೆನ್ನೆ ಉಬ್ಬಿಸಿದ. ಹಿಂದುಗಡೆ ಅವಳು ಟ್ಯಾಂಕಿನ ತಗಡಿಗೆ ಕಿವಿಯಾನಿಸಿ, ಕಣ್ಣು ಮುಚ್ಚಿ ಕುಳಿತಿದ್ದಳು. ಗ್ಯಾರೇಜಿನಲ್ಲಿ ಗಾಳಿ ಹೊಡೆಯುವ ಯಂತ್ರ ಇರಲಿಲ್ಲವೆಂದಲ್ಲ. ಹಳೇ ಪೈಪು, ಅಷ್ಟು ಗಾಳಿಗೆ ಸೀಳಿಹೋಗುತ್ತದೆ, ಬಾಯಲ್ಲೇ ಊದಬೇಕು ಎಂದು ಮಾವ ಹಟ ಹಿಡಿದಿದ್ದ.

ಟ್ಯಾಂಕಿನೊಳಗೆ ಒಂದು ಗುಳುಕ್. ಆಮೇಲೆ ಏನೂ ಇಲ್ಲ. ಆಮೇಲೆ, ಎಷ್ಟೋ ಕಾಲದ ಕಫ ಸಡಿಲವಾದಂತೆ, ಗುಳುಗುಳುಗುಳು.

"ಬಂತು! ಬಂತು ಮಾವ!"

ಮಾವ ಪೈಪು ಬಿಟ್ಟು ಥೂ ಥೂ ಎಂದು ಉಗಿದ. "ಪೆಟ್ರೋಲಲ್ಲ ಇದು, ಕಷಾಯ. ಇದನ್ನ ಕುಡಿದೂ ಬದುಕಿದೀನಿ ಅಂದ್ರೆ ಇನ್ನು ನಂಗೆ ಸಾವಿಲ್ಲ ಬಿಡು."

ಗುಜರಿಯವನ ಹಿತ್ತಲಲ್ಲಿ ಮೈತುಂಬ ಬಳ್ಳಿ ಹಬ್ಬಿಸಿಕೊಂಡು ಮಲಗಿದ್ದ ಲಾಂಡ್ರಿಯ ಪಿಕಪ್ ಕೊನೆಗೂ ಅವಳ ಕೈಗೆ ಸಿಕ್ಕಿತ್ತು. ಅದನ್ನು ಓಡಿಸಿ ನೋಡುವ ತನಕ ಅವಳಿಗೆ ನೆಮ್ಮದಿ ಇರಲಿಲ್ಲ.

ಅಪ್ಪ ಓಡಿಸುತ್ತಿದ್ದ ಗಾಡಿ. ಎರಡು ದುಂಡು ದೀಪ, ನಡುವೆ ಚೂಪು ಮೂತಿ. ಲಾಂಡ್ರಿಯ ಹೆಂಗಸರು ಅದಕ್ಕೆ ಗೂಬೆ ಎಂದು ಹೆಸರಿಟ್ಟಿದ್ದರು. ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ ಒಂದು ಮಧ್ಯಾಹ್ನ, ಹೋಟೆಲಿನ ಹಾಸಿಗೆ ಬಟ್ಟೆ ತರಲು ಗೂಬೆ ತೆಗೆದುಕೊಂಡು ಹೋದ ಅಪ್ಪ ಹೊತ್ತಿಗೆ ಸರಿಯಾಗಿ ವಾಪಸು ಬರಲಿಲ್ಲ. ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುವವನೂ ಅವನೇ. ಹಬೆ ಬಿಡುವ ಕೈ ಇಲ್ಲದೆ ಬಾಯ್ಲರ್ ಸಿಡಿಯಿತು. ಲಾಂಡ್ರಿಯ ದೊಡ್ಡ ಯಜಮಾನರು ಅದರಲ್ಲಿ ಸುಟ್ಟುಹೋದರು. ಹೊತ್ತು ಮುಳುಗಿದ ಮೇಲೆ ಬಂದ ಅಪ್ಪ ಹೇಳಿದ್ದು ಒಂದೇ ಮಾತು: "ಸೇತುವೆ ಮೇಲೆ ಗಾಡಿ ನಿಂತುಬಿಡ್ತು. ಇಷ್ಟು ಹೊತ್ತೂ ಅಲ್ಲೇ ಇದ್ದೆ."

ಮಾರನೆಯ ಬೆಳಿಗ್ಗೆ ಪೊಲೀಸರ ಮುಂದೆ ಇದೇ ಮೆಕ್ಯಾನಿಕ್ ಮಾವ ಗಾಡಿಯನ್ನು ಪರೀಕ್ಷೆ ಮಾಡಿದ. ಗೂಬೆ ಒಂದೇ ಸಲಕ್ಕೆ ಶುರುವಾಯಿತು. "ಗಾಡೀಲಿ ಏನೂ ದೋಷ ಇಲ್ಲ ಸಾರ್" ಎಂದ. ಅಷ್ಟೇ.

ಅಪ್ಪನನ್ನು ಜೈಲಿಗೆ ಹಾಕಲಿಲ್ಲ. ಆ ಕೆಲಸವನ್ನು ಊರೇ ವಹಿಸಿಕೊಂಡಿತು. ಶಾಲೆಗೆ ತಡವಾಗಿ ಬಂದ ಹುಡುಗರು, ಊಟಕ್ಕೆ ತಡವಾಗಿ ಬಂದ ನೆಂಟರು, ಕಚೇರಿಗೆ ತಡವಾಗಿ ಬಂದ ಗುಮಾಸ್ತರು, ಎಲ್ಲರೂ ಹಲ್ಲು ಕಿರಿದು "ಗಾಡಿ ನಿಂತುಬಿಡ್ತು" ಎನ್ನತೊಡಗಿದರು. ಅಪ್ಪ ಪೇಟೆಬೀದಿಗೆ ಕಾಲಿಡುವುದನ್ನೇ ಬಿಟ್ಟ. ಸೇತುವೆಯ ಆಚೆಗಿನ ಮನೆಯೇ ಅವನಿಗೆ ಊರಾಯಿತು.

ಅವಳು ಬೆಳೆದು ವಿಮೆ ಕಂಪನಿಯಲ್ಲಿ ಸುಟ್ಟ ಗಾಡಿ, ಮುರಿದ ಗಾಡಿಗಳ ಕಾರಣ ಹುಡುಕುವ ಕೆಲಸಕ್ಕೆ ಸೇರಿದಳು. ಯಾರ್ಯಾರದೋ ಗಾಡಿಗಳ ಬಾಯಿ ಬಿಡಿಸಿದಳು. ತಾನು ಸುಳ್ಳನ ಮಗಳೋ ಅಲ್ಲವೋ ಎಂಬುದೊಂದು ಮಾತ್ರ ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ನೆಲದ ಮೇಲೆ ಹಾಸಿದ ಹಳೇ ದುಪ್ಪಟಿಯ ತುಂಬ ಗೂಬೆಯ ಹೊಟ್ಟೆ ಹರಡಿಕೊಂಡಿತ್ತು. ಒಂದು ತಟ್ಟೆಯಲ್ಲಿ, ಟ್ಯಾಂಕಿನೊಳಗೆ ಸರಪಳಿ ಇಳಿಬಿಟ್ಟು ಕುಲುಕಿ ಉದುರಿಸಿದ ತುಕ್ಕು. ಇನ್ನೊಂದರಲ್ಲಿ ಫಿಲ್ಟರಿನ ಗಾಜಿನ ಬಟ್ಟಲಿನಿಂದ ಕೆರೆದ ಕೆಸರು. ಮೂರನೆಯದರಲ್ಲಿ ಕಾರ್ಬುರೇಟರಿನ ಹಿತ್ತಾಳೆ ಜೆಟ್; ಪೆಟ್ರೋಲು ಹಾಯುವ, ಸೂಜಿಯ ಕಣ್ಣಿನಷ್ಟಿದ್ದ ಅದರ ತೂತನ್ನು ಕಂದು ಬಣ್ಣದ ಅಂಟು ಪೂರ್ತಿ ನುಂಗಿತ್ತು.

ಮಾವ ಜೆಟ್ ಎತ್ತಿ ಬೆಳಕಿಗೆ ಹಿಡಿದ. "ಇದೇ ನೋಡು ಕಾರಣ. ಇಷ್ಟು ಕಟ್ಟಿಕೊಂಡಿದ್ರೆ ಯಾವ ಗಾಡಿ ತಾನೇ ನಿಲ್ಲಲ್ಲ? ನಿಮ್ಮಪ್ಪ ಹೇಳಿದ್ದು ನಿಜ. ಹೋಗಿ ಹೇಳು ಅವನಿಗೆ."

"ಇದು ಗಾಡಿ ಗುಜರಿ ಸೇರಿದ ಮೇಲೆ ಕಟ್ಟಿಕೊಂಡಿದ್ದು ಮಾವ. ಒಳಗಿದ್ದ ಪೆಟ್ರೋಲು ಆರಿ ಅಂಟಾಗಿದೆ. ಅವತ್ತೇ ಹೀಗಿದ್ದಿದ್ರೆ ಮಾರನೇ ದಿನ ನಿಮ್ಮ ಕೈಯಲ್ಲಿ ಹೆಂಗೆ ಶುರುವಾಗ್ತಿತ್ತು?"

"ಓಹೋ. ಪತ್ತೇದಾರಿ ಮೇಡಂ ಬಂದ್ರು."

"ಬಂದ್ರು. ಆ ಬ್ರಷ್ಷು ಕೊಡಿ."

ಬ್ರಷ್ಷಿನ ಒಂದೇ ಒಂದು ಕೂದಲು ಕಿತ್ತು ಅವಳು ಜೆಟ್ಟಿನ ತೂತಿಗೆ ಪೋಣಿಸಿದಳು. ತಂತಿ ಹಾಕಿದರೆ ತೂತು ದೊಡ್ಡದಾಗುತ್ತದೆ; ಇದನ್ನು ಅವಳಿಗೆ ಕಲಿಸಿದವನು ಅಪ್ಪ. ಭಾನುವಾರಗಳಲ್ಲಿ ಅಪ್ಪ ಗೂಬೆಯ ಕಾರ್ಬುರೇಟರ್ ಬಿಚ್ಚಿ, ತನ್ನ ದಪ್ಪ ಬೆರಳುಗಳಿಗೆ ಸಿಗದ ಸಣ್ಣ ಸಾಮಾನುಗಳನ್ನೆಲ್ಲ ಅವಳ ಕೈಗೆ ಕೊಡುತ್ತಿದ್ದ. "ನಿನ್ನ ಬೆರಳು ಇರೋದೇ ಇದಕ್ಕೆ ಕಣೇ" ಎನ್ನುತ್ತಿದ್ದ. ಈಗ ಅವಳ ಬೆರಳುಗಳೂ ದಪ್ಪವಾಗಿದ್ದವು.

ಮಾವ ಮಾತು ನಿಲ್ಲಿಸಿ ಜೋಡಿಸತೊಡಗಿದ. ಗಾಡಿ ಬಿಚ್ಚುವುದಕ್ಕಾಗಲಿ, ಕಟ್ಟುವುದಕ್ಕಾಗಲಿ ಅವನದು ಒಂದೇ ದಾರಿ: ಮೂಗಿನಿಂದ ಬಾಲಕ್ಕೆ. ಮೊದಲು ಕಾರ್ಬುರೇಟರ್, ಆಮೇಲೆ ಪಂಪು, ಆಮೇಲೆ ಫಿಲ್ಟರ್, ಆಮೇಲೆ ಪೈಪು, ಕೊನೆಗೆ ಟ್ಯಾಂಕು. ಈ ಕ್ರಮ ತಪ್ಪಿಸಿದ ಎಷ್ಟೋ ಜನ ಕೆಲಸಗಾರರು ಅವನ ಗ್ಯಾರೇಜಿನಿಂದ ಬೈಸಿಕೊಂಡು ಓಡಿಹೋಗಿದ್ದರು. ಪಂಪಿನೊಳಗಿನ ಹರಿದ ಪೊರೆಯ ಬದಲು ಹೊಸದು ಕೂತಿತು. ಫಿಲ್ಟರಿನ ಗಾಜು ಫಳಫಳ ಹೊಳೆಯಿತು. ಟ್ಯಾಂಕಿನ ಮುಚ್ಚಳವನ್ನು ಮಾತ್ರ ಯಾರೂ ತೊಳೆಯಲಿಲ್ಲ. ಮುಚ್ಚಳದಲ್ಲಿ ತೊಳೆಯುವುದೇನಿದೆ?

"ಟ್ಯಾಂಕು ತುಂಬಿಸೋಣ," ಎಂದಳು. "ಕಂಠದವರೆಗೆ. ಅಪ್ಪ ಹಾಗೇ ತುಂಬಿಸ್ತಿದ್ದ."

"ಅಷ್ಟೊಂದಾ? ಹತ್ತು ಹೆಜ್ಜೆ ಓಡಿಸಿ ನೋಡೋಕೆ?"

"ಹತ್ತು ಹೆಜ್ಜೆಗಲ್ಲ. ಹೋಟೆಲಿನ ಬಾಗಿಲಿಂದ ಸೇತುವೆವರೆಗೆ. ಅವತ್ತಿನ ದಾರೀಲೇ."

ಮಾವ ಅವಳ ಮುಖ ನೋಡಿದ. ಡಬ್ಬ ಎತ್ತಿಕೊಂಡ.

ಗೂಬೆ ಕೆಮ್ಮಿತು. ಮತ್ತೆ ಕೆಮ್ಮಿತು. ಮೂರನೆಯ ಸಲ ಚೋಕ್ ಎಳೆದಾಗ ಇಡೀ ಮೈ ಒದರಿ, ಹೊಗೆ ಕಾರಿ, ಶುರುವಾಯಿತು.

ಸದ್ದು ಅದೇ. ಎರಡು ಏಟು ಗಟ್ಟಿ, ಒಂದು ಏಟು ಮೆತ್ತಗೆ. ಅವಳು ಸ್ಟೀರಿಂಗ್ ಹಿಡಿದು ಸುಮ್ಮನೆ ಕುಳಿತಳು. ಶಾಲೆ ಬಿಟ್ಟೊಡನೆ ಗೇಟಿನ ಹೊರಗೆ ಈ ಸದ್ದು ಕೇಳಿದರೆ ಸಾಕು, ಚೀಲ ಹೆಗಲಿಗೇರಿಸಿ ಓಡುತ್ತಿದ್ದಳು. ಒಗೆದು ಒಣಗಿಸಿದ ದುಪ್ಪಟಿಗಳ ಗಂಟುಗಳ ಮೇಲೆ ಅಂಗಾತ ಮಲಗಿ ಊರು ಸುತ್ತುತ್ತಿದ್ದಳು. ಕೆಳಗೆ ಇಸ್ತ್ರಿಯ ಬಿಸಿ, ಮೇಲೆ ಓಡುವ ಆಕಾಶ. ಆಸ್ಪತ್ರೆಯ ಬಟ್ಟೆಗೆ ಒಂದು ವಾಸನೆ, ಹೋಟೆಲಿನ ಬಟ್ಟೆಗೆ ಇನ್ನೊಂದು. ಕಣ್ಣು ಮುಚ್ಚಿಕೊಂಡೇ ಯಾವ ಬೀದಿ ಎಂದು ಹೇಳಬಲ್ಲವಳಾಗಿದ್ದಳು. ತಿರುವು ಬಂದಾಗ ಅಪ್ಪ ಒಳಗಿನಿಂದ ತಗಡು ಬಡಿದು ಕೇಳುತ್ತಿದ್ದ, "ಇದೀಯೇನೇ?" ಅವಳು ಹೊರಗಿನಿಂದ ಬಡಿದು ಹೇಳುತ್ತಿದ್ದಳು, "ಇದೀನಿ!"

"ಹೊರಡು ಪುಟ್ಟಿ," ಮಾವ ಪಕ್ಕದ ಸೀಟಿಗೆ ಹತ್ತಿಕೊಂಡ. "ಎಂಜಿನ್ ಬಿಸಿಯಾಗುತ್ತೆ."

ಹೋಟೆಲಿನ ಬಾಗಿಲಲ್ಲಿ ಕಾವಲುಗಾರ ಬಾಯಿ ತೆರೆದು ನೋಡಿದ. ಪೇಟೆಬೀದಿಯಲ್ಲಿ ಕ್ಷೌರದಂಗಡಿಯ ಮುದುಕ, ಗಿರಾಕಿಯ ಒಂದು ಕೆನ್ನೆಯ ಮೇಲೆ ನೊರೆ ಹಾಗೇ ಬಿಟ್ಟು ಹೊರಗೆ ಬಂದ. "ಗೂಬೆ ಅಲ್ವೇನಮ್ಮಾ ಅದು? ನಿಂತುಬಿಡ್ತು ಅಂತಿದ್ರು!"

ಅವಳು ಹಾರನ್ ಒತ್ತಿ ಮುಂದೆ ಹೋದಳು. ಕಿವಿ ಕೆಂಪಗಾಗಿತ್ತು.

ನೀರಿನ ಟ್ಯಾಂಕಿನ ತಿರುವು ದಾಟಿ, ಸೇತುವೆ ಕಣ್ಣಿಗೆ ಬೀಳುತ್ತಿದ್ದಂತೆ ಗೂಬೆ ಒಮ್ಮೆ ಮುಗ್ಗರಿಸಿತು. ಎಂಜಿನ್ ಒಂದು ಏಟು ತಪ್ಪಿತು. ಇನ್ನೊಂದು ತಪ್ಪಿತು. ಗಾಳಿ ಬಿಟ್ಟ ಬಲೂನಿನಂತೆ ಉಸಿರು ಕಳೆದುಕೊಂಡು ರಸ್ತೆಯ ಬದಿಯಲ್ಲಿ ನಿಂತಿತು.

ಸೆಲ್ಫ್ ಒತ್ತಿದಳು. ಕರಕರಕರ. ಏನೂ ಇಲ್ಲ.

ಮಾವ ಆಗಲೇ ಕೆಳಗಿಳಿದಿದ್ದ. ಬಾನೆಟ್ಟಿನ ಕಡೆ ನೋಡಲೂ ಇಲ್ಲ. ಸೀದಾ ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದ.

ಉಸ್ಸ್!

ಟ್ಯಾಂಕು ದೀರ್ಘವಾಗಿ ಉಸಿರೆಳೆದುಕೊಂಡಿತು.

"ಈಗ ಒತ್ತು," ಎಂದ.

ಗೂಬೆ ಒಂದೇ ಸಲಕ್ಕೆ ಶುರುವಾಯಿತು.

ಅವಳು ಇಳಿದು ಓಡಿ ಬಂದು ಮುಚ್ಚಳ ಕಸಿದುಕೊಂಡಳು. ಅದರ ನೆತ್ತಿಯಲ್ಲಿ ಗಾಳಿಯಾಡಲೆಂದು ಒಂದು ಸಣ್ಣ ತೂತು ಇರುತ್ತದೆ. ಪೆಟ್ರೋಲು ಖಾಲಿಯಾದಂತೆಲ್ಲ ಆ ಜಾಗ ತುಂಬಲು ಗಾಳಿ ಒಳಗೆ ಹೋಗಬೇಕು. ಹೋಗದಿದ್ದರೆ ಪಂಪು ಎಷ್ಟು ಎಳೆದರೂ ಟ್ಯಾಂಕು ಬಿಟ್ಟುಕೊಡುವುದಿಲ್ಲ. ಧೂಳು ಒರೆಸಿ ಉಗುರಿನಿಂದ ಕೆರೆದಳು. ತೂತಿನ ಮೇಲೆ ಕಲ್ಲಿನಂತೆ ಗಟ್ಟಿಯಾದ ಏನೋ ಮೆತ್ತಿತ್ತು. ಉಗುರಿಗೆ ಬಂದ ಪುಡಿ ನಸುನೀಲಿ.

"ಸೋಪು," ಎಂದಳು. "ಲಾಂಡ್ರಿ ಸೋಪು ಮಾವ."

ಲಾಂಡ್ರಿಯವರು ತಾವೇ ಕಾಯಿಸಿ, ನೀಲಿ ಬೆರೆಸಿ ಕತ್ತರಿಸುತ್ತಿದ್ದ ಸೋಪು ಅದು. ಯಾರು ಮೆತ್ತಿದ್ದೆಂದು ಅವಳಿಗೆ ಕೇಳಬೇಕಾಗಿರಲಿಲ್ಲ. ಉಬ್ಬುತಗ್ಗು ಬಂದಾಗಲೆಲ್ಲ ಆ ತೂತಿನಿಂದ ಪೆಟ್ರೋಲು ಚಿಮ್ಮಿ ಗಂಟುಗಳಿಗೆ ತಾಗುತ್ತಿತ್ತು. ಹೋಟೆಲಿನವರು ದುಪ್ಪಟಿ ವಾಸನೆ ಎಂದು ವಾಪಸು ಕಳಿಸಿದ ದಿನ, ಇಸ್ತ್ರಿಮನೆಯಲ್ಲಿ ಅಮ್ಮ ಸೆರಗು ಸಿಕ್ಕಿಸಿಕೊಂಡು, "ಇನ್ನೊಂದು ಸಲ ಇದನ್ನೆಲ್ಲ ಇಸ್ತ್ರಿ ಮಾಡೋಕೆ ನನ್ನಿಂದಾಗಲ್ಲ, ಅದಕ್ಕೇನಾದ್ರೂ ಮಾಡ್ತೀನಿ ತಾಳಿ" ಎಂದದ್ದು ನೆನಪಿತ್ತು. ಬಕೆಟ್ಟಿನ ಬಿರುಕಿಗೆ ಸೋಪು, ಕಿಟಕಿಯ ಸಂದಿಗೆ ಸೋಪು, ಇರುವೆ ಗೂಡಿಗೆ ಸೋಪು. ಅಮ್ಮನಿಗೆ ಗೊತ್ತಿದ್ದ ಔಷಧಿ ಅದೊಂದೇ. ಮೆತ್ತಿ ಹೆಬ್ಬೆರಳಿನಿಂದ ಒಮ್ಮೆ ಉಜ್ಜುತ್ತಿದ್ದಳು, ಅಂಚು ಚಂದ್ರನ ಹಾಗೆ ಬರುವಂತೆ. ಅಂಚು ಹಾಗೇ ಇತ್ತು.

ತಾನು ಮೆತ್ತಿದ್ದೇ ಗಂಡನ ಕುತ್ತಿಗೆಗೆ ಬಂತೆಂದು ತಿಳಿಯದೆಯೇ ಅಮ್ಮ ತೀರಿಕೊಂಡಿದ್ದಳು. ಒಳ್ಳೆಯದೇ ಆಯಿತು ಎಂದುಕೊಂಡು ಅವಳು ಕಣ್ಣೊರೆಸಿಕೊಂಡಳು.

"ಮತ್ತೆ ಮಾರನೇ ದಿನ ನಿಮ್ಮ ಕೈಯಲ್ಲಿ ಹೆಂಗೆ ಶುರುವಾಯ್ತು?"

ಮಾವ ಉತ್ತರಕ್ಕೆ ತಡಮಾಡಲಿಲ್ಲ. "ಪೆಟ್ರೋಲ್ ಇದೆಯೋ ಇಲ್ವೋ ಅಂತ ಮೊದಲು ಮುಚ್ಚಳ ತೆಗೆದು ಕಡ್ಡಿ ಅದ್ದಿದೆ. ಗಾಳಿ ಒಳಗೆ ಹೋಯ್ತು. ಆಮೇಲೆ ಸೆಲ್ಫ್ ಒತ್ತಿದೆ. ನೋಡೋಕೆ ಹೋಗಿ ನಾನೇ ರೋಗ ವಾಸಿ ಮಾಡಿಬಿಟ್ಟಿದ್ದೆ. ಯಾರಿಗೆ ಗೊತ್ತಿತ್ತು ಮಗಾ?"

ಅವಳು ನಕ್ಕಳು, ಅತ್ತಳು, ಮಾವನ ಎಣ್ಣೆ ಹಿಡಿದ ತೋಳಿಗೆ ಒಂದು ಏಟು ಕೊಟ್ಟಳು. ನಾಳೆ ಅಪ್ಪನ ಕೈ ಹಿಡಿದು ಪೇಟೆಬೀದಿಯಲ್ಲಿ ನಡೆಸಬೇಕು. ಕ್ಷೌರದಂಗಡಿಯ ಮುಂದೆ ಬೇಕೆಂದೇ ನಿಲ್ಲಬೇಕು. ಅಪ್ಪನಿಗೆ ಕ್ಷೌರ ಮಾಡಿಸಬೇಕು.

"ಇನ್ನೊಂದು ಸಲ ನೋಡಿಬಿಡೋಣ," ಎಂದಳು. "ಮುಚ್ಚಳ ಹಾಗೇ ಹಾಕಿ. ಒಂದು ಸಲ ಆಗಿದ್ದನ್ನ ನಮ್ಮ ಕಂಪನಿಯವರು ಆಕಸ್ಮಿಕ ಅಂತಾರೆ. ಎರಡು ಸಲ ಆದ್ರೆ ಸಾಕ್ಷಿ."

"ಸಾಕು ಬಿಡು. ಮನೆಗೆ ಹೋಗೋಣ."

"ಒಂದೇ ಸುತ್ತು ಮಾವ."

ತೂತಿನ ಸೋಪು ಹಾಗೇ ಬಿಟ್ಟು ಮುಚ್ಚಳ ಬಿಗಿದು, ಹೋಟೆಲಿನವರೆಗೆ ಹೋಗಿ ತಿರುಗಿ ಬಂದರು. ಈ ಸಲ ಗೂಬೆ ಸೇತುವೆಯ ನಡುಮಧ್ಯೆ ನಿಂತಿತು. ಅಪ್ಪ ಹೇಳಿದ್ದ ಜಾಗದಲ್ಲೇ. ಕೆಳಗೆ ನದಿ ಸಂಜೆಬಿಸಿಲಿಗೆ ತಾಮ್ರದ ತಗಡಿನಂತೆ ಹೊಳೆಯುತ್ತಿತ್ತು.

ಮಾವ ಮುಚ್ಚಳ ತೆಗೆಯಲು ಇಳಿಯಹೊರಟ.

"ಬೇಡ, ಕೂತ್ಕೊಳ್ಳಿ. ಅಪ್ಪ ನೋಡಿದ್ದನ್ನ ನಾನೂ ಸ್ವಲ್ಪ ನೋಡ್ತೀನಿ."

"ಹಿಂದೆ ಗಾಡಿಗಳು ಬರ್ತವೆ."

"ಬಂದ್ರೆ ಪಕ್ಕದಲ್ಲಿ ಹೋಗ್ತವೆ."

"ಪುಟ್ಟಿ, ಸಾಕು ಅಂದ್ನಲ್ಲ." ಮಾವನ ದನಿ ಒರಟಾಯಿತು. "ನಿಂಗೆ ಬೇಕಾದ್ದು ಸಿಕ್ಕಿತಲ್ಲ. ಎದ್ದು ಹೋಗಿ ನಿಮ್ಮಪ್ಪಂಗೆ ಹೇಳು."

ಅವಳು ಅವನ ಕಡೆ ನೋಡಿದಳು. ಸೆಕೆಯೇನೂ ಇರಲಿಲ್ಲ, ಮಾವನ ಹಣೆ ಬೆವತಿತ್ತು. ಬೆಳಗಿನಿಂದ ಜೊತೆಯಲ್ಲಿದ್ದ ಸಂತೋಷ ಎಲ್ಲೋ ಮೆಲ್ಲಗೆ ಸೋರತೊಡಗಿತು. ಅವಳು ಕದಲಲಿಲ್ಲ. ಎರಡು ಸೈಕಲ್ಲು ಹೋದವು. ಒಂದು ಬಸ್ಸು ಹೋಯಿತು. ಕೆಳಗೆ ಯಾರೋ ಬಟ್ಟೆ ಒಗೆಯುವ ಸದ್ದು ನಿಂತಿತು.

ಮುಚ್ಚಳ ಮುಟ್ಟದೆಯೇ ಸೆಲ್ಫ್ ಒತ್ತಿದಳು.

ಗೂಬೆ ಒಂದು ಕ್ಷಣ ಯೋಚಿಸಿ, ಶುರುವಾಯಿತು.

ಎರಡು ಏಟು ಗಟ್ಟಿ, ಒಂದು ಏಟು ಮೆತ್ತಗೆ.

"ಹಳೇ ಮುಚ್ಚಳ," ಎಂದಳು ಅವಳು ನಿಧಾನವಾಗಿ. "ಅಂಚಿನ ರಬ್ಬರಿಂದ ಗಾಳಿ ಸ್ವಲ್ಪ ಸ್ವಲ್ಪವೇ ಒಳಗೆ ಹೋಗುತ್ತೆ. ಒಂದು ಬೀಡಿ ಸೇದೋವಷ್ಟು ಹೊತ್ತು ಕಾದ್ರೆ ಗಾಡಿ ತಾನಾಗೇ ಹೊರಡುತ್ತೆ. ಅವತ್ತಿನ ರಬ್ಬರು ಇದಕ್ಕಿಂತ ಚೆನ್ನಾಗಿದ್ರೆ ಎರಡು ಬೀಡಿ. ಹೊತ್ತು ಮುಳುಗೋ ತನಕ ಅಲ್ಲ."

"ಅವನಿಗೆ ಗೊತ್ತಾಗಿರಲ್ಲ."

"ಜೆಟ್ಟಿಗೆ ಕೂದಲು ಪೋಣಿಸೋನಿಗೆ ಗೊತ್ತಾಗಲ್ವಾ?" ಅವಳು ಅವನತ್ತ ತಿರುಗಿದಳು. "ಮಾವ, ಯಾವ ಗಾಡಿ ಕೆಟ್ಟರೂ ನೀವು ಮೂಗಿನಿಂದ ಶುರುಮಾಡ್ತೀರಿ. ಇವತ್ತು ನೀರಿನ ಟ್ಯಾಂಕಿನ ಹತ್ರ ನಿಂತಾಗ ಸೀದಾ ಮುಚ್ಚಳಕ್ಕೆ ಹೋದ್ರಿ. ಕಡ್ಡಿಯ ಕತೆ ನಾಲಿಗೆ ಮೇಲೇ ಇತ್ತು. ನಿಮಗೆ ಮೊದಲಿಂದ ಗೊತ್ತಿತ್ತು."

ಮಾವ ಉಗುರಿನ ಕಪ್ಪನ್ನು ಇನ್ನೊಂದು ಉಗುರಿನಿಂದ ಕೆರೆಯುತ್ತಿದ್ದ.

"ಗೊತ್ತಿದ್ದೂ ದೋಷ ಇಲ್ಲ ಅಂದ್ರಿ. ಅಪ್ಪನ್ನ ಸುಳ್ಳ ಮಾಡಿದ್ರಿ. ನಿಮ್ಮ ತಟ್ಟೇಲಿ ಊಟ ಮಾಡ್ತಿದ್ದ ಅವನು."

"ಬಾಯಿಗೆ ಬಂದ ಹಾಗೆ ಮಾತಾಡಬೇಡ!"

"ಹಾಗಾದ್ರೆ ನೀವೇ ಹೇಳಿ. ಅಪ್ಪ ಅವತ್ತು ಇಲ್ಲಿ ನಿಂತಿದ್ನಾ ಇಲ್ವಾ?"

"ನಿಂತಿದ್ದ."

"ನಿಮಗೆ ಹೆಂಗೆ ಗೊತ್ತು?"

"ನೋಡಿದೆ ಕಣೇ! ಈ ಕಣ್ಣಿಂದ." ಮಾವ ಕಿಟಕಿಯ ಹೊರಗೆ ನೋಡಿದ. "ಅವತ್ತು ನಾನು ಈ ಕಡೆ ಹಳ್ಳೀಲಿ ಒಂದು ಟ್ರ್ಯಾಕ್ಟರ್ ನೋಡೋಕೆ ಬಂದಿದ್ದೆ. ಢಂ ಅಂತ ಸದ್ದಾಯ್ತು. ಲಾಂಡ್ರಿ ಕಡೆಯಿಂದ ಹೊಗೆ ಎದ್ದಿದ್ದು ಕಾಣಿಸ್ತು. ಸ್ಕೂಟರ್ ಹತ್ತಿ ಓಡಿಬಂದೆ. ಗೂಬೆ ಇಲ್ಲೇ, ಇದೇ ಜಾಗದಲ್ಲಿ ನಿಂತಿತ್ತು. ಎಂಜಿನ್ ಓಡ್ತಾ ಇತ್ತು."

"ಓಡ್ತಾ?"

"ಈಗ ಓಡ್ತಿದೆಯಲ್ಲ, ಹೀಗೇ. ಸ್ಕೂಟರ್ ನಿಲ್ಲಿಸಿದೆ. ಏನೋ, ಇಲ್ಲಿ ಕೂತಿದೀಯಲ್ಲೋ, ಅಲ್ಲಿ ಹೊಗೆ ನೋಡೋ ಅಂದೆ. ನಿಮ್ಮಪ್ಪ ನನ್ನ ಮುಖ ನೋಡಿ ತಲೆ ಅಲ್ಲಾಡಿಸಿದ. ಬೇಡ, ಹೋಗು ಅನ್ನೋ ಹಾಗೆ. ಆಗ ಅವನ ಪಕ್ಕಕ್ಕೆ ನೋಡಿದೆ."

"ಪಕ್ಕದಲ್ಲಿ ಯಾರಿದ್ರು?"

"ದೋಷ ಇದೆ ಅಂತ ನಾನು ಪೊಲೀಸರಿಗೆ ಹೇಳಿದ್ರೆ ಅವರು ಈ ಸೇತುವೆಗೆ ಬರ್ತಿದ್ರು ಪುಟ್ಟಿ. ನಿಂತ ಗಾಡಿ ಯಾರು ನೋಡಿದ್ರಿ ಅಂತ ಊರೆಲ್ಲ ಕೇಳ್ತಿದ್ರು. ಯಾರೋ ಒಬ್ಬರು ಗಾಡಿ ಒಳಗೂ ನೋಡಿರ್ತಿದ್ರು. ದೋಷ ಇಲ್ಲ ಅಂದ ಮೇಲೆ ಸೇತುವೆ ಕತೆಯೇ ಸುಳ್ಳು ಅಂತಾಯ್ತು. ಸುಳ್ಳು ಕತೆಯ ಜಾಗಕ್ಕೆ ಯಾರು ಬಂದು ಹುಡುಕ್ತಾರೆ? ನಿಮ್ಮಪ್ಪನೇ ಆಮೇಲೆ ನನ್ನ ಕೈ ಹಿಡಿದು, ಒಳ್ಳೇದು ಮಾಡಿದೆ ಅಂದ."

"ಮಾವ. ಪಕ್ಕದಲ್ಲಿ ಯಾರಿದ್ರು?"

"ದೊಡ್ಡ ಯಜಮಾನರು."



"ಸದ್ದಾದ ಮೇಲೆ ಅಂದ್ರಲ್ಲ ನೀವು. ಹೊಗೆ ಎದ್ದ ಮೇಲೆ."

"ಹೌದು. ಇಬ್ಬರೂ ಆ ಹೊಗೆ ನೋಡ್ತಾ ಕೂತಿದ್ರು."

ದೊಡ್ಡ ಯಜಮಾನರ ಅಂತ್ಯಕ್ರಿಯೆಗೆ ಇಡೀ ಊರು ಬಂದಿತ್ತು. ಅವಳೂ ಅಮ್ಮನ ಸೆರಗು ಹಿಡಿದು ಹೋಗಿದ್ದಳು. ಯಾರೂ ಮುಖ ನೋಡಿರಲಿಲ್ಲ. ನೋಡುವಂಥ ಮುಖ ಉಳಿದಿರಲಿಲ್ಲ ಎಂದಿದ್ದರು. ಎಲ್ಲರೂ ಅತ್ತಿದ್ದರು; ಅಪ್ಪನೊಬ್ಬ ನೆಲ ನೋಡುತ್ತ ನಿಂತಿದ್ದ. ಹಾಗಾದರೆ ಬಾಯ್ಲರ್‌ಮನೆಯಲ್ಲಿ ಸಿಕ್ಕಿದ ಹೆಣ ಯಾರದು?

"ಎದುರಿಗೆ ನೋಡು," ಎಂದ ಮಾವ.

ಸೇತುವೆಯ ಆಚೆ ತುದಿಯಿಂದ ಒಬ್ಬ ಮುದುಕ ಬರಿಗಾಲಲ್ಲಿ, ಒಂದು ಕೈಯಿಂದ ಕಂಬಿ ಹಿಡಿದುಕೊಂಡು ಬರುತ್ತಿದ್ದ. ಎಂಜಿನ್ನಿನ ಸದ್ದು ಮನೆಯವರೆಗೂ ಕೇಳಿಸಿರಬೇಕು. ಚಪ್ಪಲಿ ಮೆಟ್ಟುವಷ್ಟೂ ತಾಳ್ಮೆ ಇಲ್ಲದೆ ಎದ್ದು ಬಂದಿದ್ದ. ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಅವನು ಸೇತುವೆಗೆ ಕಾಲಿಟ್ಟದ್ದು ಇದೇ ಮೊದಲು.

ಅವನು ನಗುತ್ತಿದ್ದ. ಬಾಯ್ತುಂಬ, ಮಕ್ಕಳ ಹಾಗೆ.

ಬಂದವನೇ ಗೂಬೆಯ ಬಾನೆಟ್ಟಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ, ಅದರ ನಡುಕವನ್ನು ಕೇಳಿಸಿಕೊಂಡ. "ಓಡ್ತಿದೆ," ಎಂದ ಮೆಲ್ಲಗೆ. "ಓಡ್ತಿದೆಯಲ್ಲೇ ಮಗಾ." ಆಮೇಲೆ ಕಿಟಕಿಯ ಹತ್ತಿರ ಬಂದು ಮಗಳ ಮುಖ ನೋಡಿದ. ಬಹಳ ಹೊತ್ತು ನೋಡಿದ.

ನಗು ಇಳಿಯಿತು. ಅವನ ಕಣ್ಣು ಅವಳನ್ನು ದಾಟಿ ಪಕ್ಕದ ಸೀಟಿಗೆ ಹೋಯಿತು.

"ಹೇಳಿಬಿಟ್ಯೇನೋ?" ಎಂದು ಗೆಳೆಯನನ್ನು ಕೇಳಿದ.